ಗಾಳಿ ಬರೆಸಿದ ನಿಯಮಗಳು

2023ರ ಸೆಪ್ಟೆಂಬರಿನಲ್ಲಿ, ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಯಲ್ಲಿ 17 ವರ್ಷದ ನೇಹಾ ಠಾಕೂರ್ ಬೆಳ್ಳಿ ಪದಕ ಗೆದ್ದರು. ಐಎಲ್‌ಸಿಎ-4 ಎಂಬ, ಒಬ್ಬರೇ ನಡೆಸುವ ಪುಟ್ಟ ದೋಣಿಯ ವಿಭಾಗ ಅದು. ಒಟ್ಟು 11 ಓಟಗಳು ನಡೆದವು. ನೇಹಾ ಅವರಿಗೆ ಬಂದದ್ದು 32 ಅಂಕ. ಪದಕಕ್ಕೆ ಲೆಕ್ಕ ಹಿಡಿದದ್ದು 27. ಅವರ ಅತಿ ಕೆಟ್ಟ ಓಟ ಐದನೆಯದು. ಅದರಲ್ಲಿ ಬಂದ 5 ಅಂಕವನ್ನು ನಿಯಮವೇ ಕಳೆದುಹಾಕಿತ್ತು. ಈ ಕ್ರೀಡೆಯಲ್ಲಿ ಅಂಕ ಕಡಿಮೆಯಾದಷ್ಟೂ ಸ್ಥಾನ ಮೇಲೇರುತ್ತದೆ. ನೇಹಾ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಹಾಯಿ ಹಿಡಿಯಲು ಕಲಿತದ್ದು ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಭೋಪಾಲದ ದೊಡ್ಡ ಕೆರೆಯಲ್ಲಿ.

ಒಂದು ಓಟದ ಅಂಕವನ್ನು ಕಳೆದುಹಾಕುವುದು ಯಾಕೆ? ಒಂದು ದೊಡ್ಡ ಓಟದ ಬದಲು ಅಷ್ಟೊಂದು ಚಿಕ್ಕ ಓಟಗಳು ಯಾಕೆ? ಡಿಂಗಿ ಎಂದು ಕರೆಯುವ ಈ ಪುಟ್ಟ ಹಾಯಿದೋಣಿಗಳ ನಿಯಮ ಪುಸ್ತಕ ತೆರೆದರೆ ಇಂಥ ಪ್ರಶ್ನೆ ಹುಟ್ಟಿಸುವ ಹತ್ತಾರು ವಿಧಿಗಳಿವೆ. ಗಾಳಿ ಒಂದೇ ವೇಗದಲ್ಲಿ ಬೀಸುವುದಿಲ್ಲ, ಒಂದೇ ದಿಕ್ಕಿನಿಂದ ಬರುವುದಿಲ್ಲ, ಎಲ್ಲ ದೋಣಿಗೂ ಸಮನಾಗಿ ಸಿಗುವುದಿಲ್ಲ. ಅಂಥದ್ದನ್ನು ನಂಬಿ ನ್ಯಾಯವಾದ ಸ್ಪರ್ಧೆ ನಡೆಸುವುದು ಹೇಗೆ ಎಂಬುದಕ್ಕೆ ಈ ಒಂದೊಂದು ವಿಧಿಯೂ ಉತ್ತರ. ಓದುತ್ತ ಹೋದರೆ ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಎರಡೂ ಅದರೊಳಗೆ ಸಿಗುತ್ತವೆ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಓದುಗರಿಗೆ ಇದು ದೂರದ ವಿಷಯವಲ್ಲ. ನಾಲ್ಕಕ್ಕೂ ನದಿ ಒಂದೇ, ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲದ ಎರೆಭೂಮಿಯ ಮೂಲಕ ಬಂದು, ಸವದತ್ತಿ ಬಳಿಯ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ತಡೆದು ನಿಲ್ಲುತ್ತದೆ. ಅಲ್ಲಿಂದ ಮುಂದೆ ರಾಮದುರ್ಗದ ಕಡೆ ಇಳಿಯುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರೇ ರೇಣುಕಾಸಾಗರ. ತುಂಬಿದಾಗ 37.73 ಟಿಎಂಸಿ ಅಡಿ ನೀರು, ಮಟ್ಟ 2,079.5 ಅಡಿ. ಪಡುವಣದ ಮುಂಗಾರು ಗಾಳಿಗೆ ತೆರೆದ ಬಯಲು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಕ್ಲಬ್, ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಹಾಯಿ ಕಟ್ಟಿವೆ. ರೇಣುಕಾಸಾಗರದಂಥ ನೀರಿನಲ್ಲಿ ಕಿರು ಓಟಗಳ ಸರಣಿ ನಡೆಸುವುದಾದರೆ ನಿಯಮಗಳು ಹೇಗಿರಬೇಕು, ಯಾಕೆ ಹಾಗಿರಬೇಕು ಎಂದು ನೋಡೋಣ.

ಗಾಳಿಗೆ ಎದುರಾಗಿ

ಗಾಳಿ ಹಿಂದಿನಿಂದ ನೂಕಿದರೆ ದೋಣಿ ಮುಂದೆ ಹೋಗುವುದು ಸಹಜ. ಗಾಳಿ ಬರುವ ಕಡೆಗೇ ದೋಣಿ ಹೋಗುವುದು ಹೇಗೆ? ಓರೆಯಾಗಿ ಹಿಡಿದ ಹಾಯಿ ವಿಮಾನದ ರೆಕ್ಕೆಯಂತೆ ಬಾಗಿ, ತನ್ನ ಒಂದು ಮಗ್ಗುಲಿಗೆ ಬಲ ಹುಟ್ಟಿಸುತ್ತದೆ. ಆ ಬಲದ ಬಹುಪಾಲು ದೋಣಿಯನ್ನು ಅಡ್ಡಕ್ಕೆ ತಳ್ಳುತ್ತದೆ. ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ತೆಳು ಹಲಗೆ ಆ ಅಡ್ಡ ಜಾರುವಿಕೆಯನ್ನು ತಡೆಯುತ್ತದೆ. ಎರಡು ಬೆರಳ ನಡುವೆ ಒತ್ತಿದ ಒದ್ದೆ ಸೀತಾಫಲದ ಬೀಜ ಮುಂದಕ್ಕೆ ಚಿಮ್ಮುವಂತೆ, ಗಾಳಿ ಮತ್ತು ನೀರಿನ ಒತ್ತಡಗಳ ನಡುವೆ ಸಿಕ್ಕ ದೋಣಿಗೆ ಉಳಿಯುವುದು ಮುಂದಿನ ದಾರಿ ಮಾತ್ರ.

ಆದರೂ ನೇರ ಎದುರಿಗೆ ಹೋಗಲಾಗದು. ಸುಮಾರು 45 ಡಿಗ್ರಿ ಓರೆಯಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಹತ್ತಬೇಕು. ಗಾಳಿ ಸ್ಥಿರವಾಗಿದ್ದರೆ 300 ಮೀಟರ್ ಎದುರಿಗಿರುವ ತೇಲುಗುರುತನ್ನು ಮುಟ್ಟಲು 300ನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 424 ಮೀಟರ್ ಸಾಗಬೇಕು. ಎಷ್ಟು ಸಲ ಹೊರಳಿದರೂ ಈ ಒಟ್ಟು ದೂರ ಬದಲಾಗದು. ಪ್ರತಿ ಹೊರಳಿಗೆ ತುಸು ವೇಗ ಮಾತ್ರ ನಷ್ಟ.

ಗಾಳಿ ದಿಕ್ಕು ಬದಲಿಸಿದಾಗ ಆಟವೂ ಬದಲಾಗುತ್ತದೆ. ಎದುರುಗಾಳಿಯಲ್ಲಿ ಎರಡು ದೋಣಿಗಳು ಅಕ್ಕಪಕ್ಕ 100 ಮೀಟರ್ ಅಂತರದಲ್ಲಿ ಸಮನಾಗಿ ಸಾಗುತ್ತಿವೆ ಎನ್ನೋಣ. ಗಾಳಿ 10 ಡಿಗ್ರಿ ತಿರುಗಿದರೆ, ಅದು ತಿರುಗಿದ ಕಡೆಯಲ್ಲಿರುವ ದೋಣಿ ಕೂತಲ್ಲೇ ಸುಮಾರು 17 ಮೀಟರ್ ಮುಂದಾಗಿಬಿಡುತ್ತದೆ. ಅನುಭವಿ ನೀರಿನ ಮೇಲಿನ ಕಪ್ಪು ಅಲುಗಾಟ ನೋಡಿ ಆ ತಿರುವನ್ನು ಮೊದಲೇ ಊಹಿಸಬಲ್ಲ. ಅಷ್ಟಾದರೂ ಅದೃಷ್ಟದ ಪಾಲು ಉಳಿದೇ ಉಳಿಯುತ್ತದೆ.

ಆರಂಭದ ಗೆರೆ

ಹಾಯಿದೋಣಿಗೆ ಬ್ರೇಕ್ ಇಲ್ಲ. ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿ ಓಡಿಸಲಾಗದು. ಹಾಗಾಗಿ ಸಮಿತಿಯ ದೋಣಿಗೂ ಒಂದು ತೇಲುಗುರುತಿಗೂ ನಡುವೆ ಕಾಲ್ಪನಿಕ ಗೆರೆ ಎಳೆದು, ಎಲ್ಲರಿಗೂ ಸಮಯ ಕೊಡುತ್ತಾರೆ. ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮದಂತೆ 5 ನಿಮಿಷ ಮೊದಲು ಒಂದು ಬಾವುಟ, 4 ನಿಮಿಷಕ್ಕೆ ಇನ್ನೊಂದು, 1 ನಿಮಿಷ ಇರುವಾಗ ಎರಡನೆಯದನ್ನು ಇಳಿಸುವುದು, ಸೊನ್ನೆಗೆ ಮೊದಲನೆಯದನ್ನು ಇಳಿಸುವುದು. ಕಿರು ಓಟಗಳಲ್ಲಿ ಕ್ಲಬ್ಬುಗಳು ಇದನ್ನು 3 ನಿಮಿಷಕ್ಕೆ ಇಳಿಸಿಕೊಳ್ಳುವುದುಂಟು.

ಬಾವುಟದ ಜತೆ ಸೀಟಿಯೋ ಹಾರ್ನೋ ಮೊಳಗುತ್ತದೆ. ಆದರೆ ಹೊತ್ತು ಎಣಿಸಬೇಕಾದದ್ದು ಬಾವುಟದಿಂದ. ಸದ್ದು ಕೇಳದಿದ್ದರೂ ಓಟ ಊರ್ಜಿತ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 170 ಮೀಟರ್ ಆಚೆಯ ದೋಣಿಗೆ ಅದು ಅರ್ಧ ಸೆಕೆಂಡ್ ತಡ, ಅಷ್ಟರಲ್ಲಿ ದೋಣಿ ಒಂದು ಮೀಟರ್ ಸರಿದಿರುತ್ತದೆ. ಗಾಳಿಗೆ ಎದುರಾಗಿ ಹೊರಟ ಸದ್ದು ಮೇಲಕ್ಕೆ ಬಾಗಿ ಕ್ಷೀಣಿಸುವುದೂ ಉಂಟು. ಕಣ್ಣಿಗೆ ಕಾಣುವ ಬಾವುಟ ಎಲ್ಲರಿಗೂ ಒಂದೇ ಕ್ಷಣದಲ್ಲಿ ಸಿಗುತ್ತದೆ.

ಗೆರೆ ಗಾಳಿಗೆ ಅಡ್ಡವಾಗಿ, ಲಂಬಕೋನದಲ್ಲಿರಬೇಕು. 60 ಮೀಟರ್ ಗೆರೆ 10 ಡಿಗ್ರಿ ಓರೆಯಾದರೆ ಒಂದು ತುದಿ ಇನ್ನೊಂದಕ್ಕಿಂತ 10 ಮೀಟರ್ ಮುಂದಿರುತ್ತದೆ. 4.2 ಮೀಟರಿನ ಐಎಲ್‌ಸಿಎ ದೋಣಿಗೆ ಅದು ಎರಡು ದೋಣಿಯುದ್ದಕ್ಕೂ ಮಿಕ್ಕ ಲಾಭ. ಎಲ್ಲರೂ ಆ ತುದಿಗೇ ನುಗ್ಗಿದರೆ ಡಿಕ್ಕಿ ಖಚಿತ. ಹಾಗಾಗಿ ಒಳ್ಳೆಯ ಸಮಿತಿ ಎರಡನೆಯ ಬಾವುಟ ಏರುವವರೆಗೂ ಗಾಳಿಯನ್ನು ಅಳೆಯುತ್ತ ಗೆರೆಯನ್ನು ತಿದ್ದುತ್ತಿರುತ್ತದೆ.

ಯಾರು ದಾರಿ ಬಿಡಬೇಕು

ಎಡಕ್ಕೂ ಬಲಕ್ಕೂ ಹೊರಳುತ್ತ ಹತ್ತುವ ದೋಣಿಗಳು ಪದೇ ಪದೇ ಅಡ್ಡ ಬರುತ್ತವೆ. ಸೆಕೆಂಡಿಗೆ 2 ಮೀಟರ್ ವೇಗದ ಎರಡು ದೋಣಿಗಳು ಲಂಬಕೋನದಲ್ಲಿ ಎದುರಾದರೆ 30 ಮೀಟರ್ ಅಂತರ ಸುಮಾರು 10 ಸೆಕೆಂಡಿನಲ್ಲಿ ಮುಗಿಯುತ್ತದೆ. ಮಾತಾಡಿ ತೀರ್ಮಾನಿಸಲು ಹೊತ್ತಿಲ್ಲ. ಅದಕ್ಕೇ ನಿಯಮ ಚುಟುಕಾಗಿದೆ: ಗಾಳಿ ಎಡಮಗ್ಗುಲಿಗೆ ತಾಗುವ ದೋಣಿ, ಬಲಮಗ್ಗುಲಿಗೆ ತಾಗುವ ದೋಣಿಗೆ ದಾರಿ ಬಿಡಬೇಕು.

ಇಬ್ಬರಿಗೂ ಗಾಳಿ ಒಂದೇ ಮಗ್ಗುಲಿಗಿದ್ದು ಅಕ್ಕಪಕ್ಕ ಸಾಗುತ್ತಿದ್ದರೆ, ಗಾಳಿಯ ಕಡೆಗಿರುವವರು ದೂರ ಸರಿಯಬೇಕು. ಇದಕ್ಕೆ ಒಳ್ಳೆಯ ಕಾರಣವಿದೆ. ಗಾಳಿಯ ಕಡೆಗಿರುವ ಹಾಯಿಯ ಹಿಂದೆ ಕಲಕಿದ, ದುರ್ಬಲ ಗಾಳಿಯ ನೆರಳು ಬೀಳುತ್ತದೆ. ಆ ನೆರಳಿನಲ್ಲಿರುವ, ಅಂದರೆ ಗಾಳಿಯ ಕೆಳಗಿನವರ ಶಕ್ತಿ ಕುಂದುವುದು ಅದರಿಂದಲೇ. ಮೇಲಿನ ದೋಣಿ ತುಸು ತುಸುವಾಗಿ ಕೆಳಗಿನವರ ಕಡೆಗೇ ಜಾರುತ್ತಲೂ ಇರುತ್ತದೆ. ಶುದ್ಧ ಗಾಳಿ, ಆಯ್ಕೆಯ ಸ್ವಾತಂತ್ರ್ಯ ಯಾರ ಬಳಿ ಇದೆಯೋ ಹೊಣೆಯೂ ಅವರದೇ.

ತೇಲುಗುರುತಿನ ಸುತ್ತ ಮೂರು ದೋಣಿಯುದ್ದದ ವಲಯವಿದೆ. ಅದನ್ನು ತಲುಪುವ ಹೊತ್ತಿಗೆ ಅಕ್ಕಪಕ್ಕ ಇದ್ದರೆ, ಸಾಮಾನ್ಯವಾಗಿ ಒಳಗಿನ ದೋಣಿಗೆ ಸುತ್ತಲು ಜಾಗ ಕೊಡಬೇಕು. ಗುರುತಿಗೆ ತಾಗಿದರೆ ಒಂದು ಪೂರ್ತಿ ಸುತ್ತು ತಿರುಗುವ ದಂಡ. ಇನ್ನೊಬ್ಬರ ಹಕ್ಕು ಮುರಿದರೆ ಎರಡು ಸುತ್ತು.

ಪ್ರತಿ ದೋಣಿಯ ಪಕ್ಕದಲ್ಲಿ ಸೀಟಿ ಊದುವವರು ಇರುವುದಿಲ್ಲ. ತಪ್ಪಿದವರು ತಾವೇ ಒಪ್ಪಿ ತಿರುಗಬೇಕು. ಈ ಕ್ರೀಡೆಯಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಾಣುವುದು ಇದು. ಹನ್ನೆರಡು ವರ್ಷದ ಮಗು ಯಾರೂ ನೋಡದ ತನ್ನ ತಪ್ಪಿಗೆ ತಾನೇ ದಂಡ ಕಟ್ಟಲು ಕಲಿಯುತ್ತದೆ. ಅಪಾಯದಲ್ಲಿರುವವರಿಗೆ ನೆರವಾಗುವುದು ನಿಯಮ ಪುಸ್ತಕದ ಮೊಟ್ಟಮೊದಲ ವಿಧಿ. ಹಾಗೆ ನೆರವಾಗಿ ಸ್ಥಾನ ಕಳೆದುಕೊಂಡವರು ಪರಿಹಾರವಾಗಿ ಅಂಕ ಕೇಳಬಹುದು.

ಚಿಕ್ಕದು, ಹಲವು

ಒಂದೂವರೆ ತಾಸಿನ ಒಂದೇ ಓಟದಲ್ಲಿ ಮೊದಲ ಐದು ನಿಮಿಷದ ಅದೃಷ್ಟ ಕೊನೆಯವರೆಗೂ ಬೆಳೆಯುತ್ತ ಹೋಗುತ್ತದೆ. ಮುಂದಿರುವವರಿಗೆ ಶುದ್ಧ ಗಾಳಿ, ಹಿಂದಿನವರಿಗೆ ಕಲಕಿದ ಗಾಳಿ. ಅದೇ ಹೊತ್ತನ್ನು ಹದಿನೈದು ನಿಮಿಷದ ಆರು ಓಟಗಳಾಗಿ ಒಡೆದರೆ ಪ್ರತಿ ಸಲವೂ ಎಲ್ಲರೂ ಒಂದೇ ಗೆರೆಗೆ ಮರಳುತ್ತಾರೆ. ಒಂದರ ಅದೃಷ್ಟ ಇನ್ನೊಂದಕ್ಕೆ ಅಂಟದಿದ್ದರೆ, ಸರಾಸರಿಯಲ್ಲಿ ಅದರ ಏರಿಳಿತ ಓಟಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ತಗ್ಗುತ್ತದೆ: ನಾಲ್ಕು ಓಟಕ್ಕೆ ಅರ್ಧ, ಒಂಬತ್ತು ಓಟಕ್ಕೆ ಮೂರನೇ ಒಂದು. ಉಳಿಯುವುದು ಕೌಶಲ.

ಗೆದ್ದವರಿಗೆ 1, ಎರಡನೆಯವರಿಗೆ 2, ಹೀಗೆ ಅಂಕ. ಓಟ ಮುಗಿಸದವರಿಗೆ ಸ್ಪರ್ಧಿಗಳ ಸಂಖ್ಯೆಗಿಂತ ಒಂದು ಹೆಚ್ಚು. ಹಗ್ಗ ತುಂಡಾದ ಒಂದೇ ಓಟ ಇಡೀ ಸರಣಿಯನ್ನು ಮುಳುಗಿಸಬಾರದು, ಅದಕ್ಕೇ ಕೆಟ್ಟದೊಂದನ್ನು ಕಳೆಯುವ ನಿಯಮ. ಊಹೆಗೆ, ಒಬ್ಬ ಹುಡುಗಿಯ ಆರು ಓಟಗಳ ಅಂಕ 2, 3, 2, 9, 2, 1; ಇನ್ನೊಬ್ಬಳದು 3, 2, 3, 3, 3, 3. ಕೂಡಿದರೆ 19 ಮತ್ತು 17, ಎರಡನೆಯವಳು ಮುಂದೆ. ಕೆಟ್ಟದ್ದನ್ನು ಕಳೆದರೆ 10 ಮತ್ತು 14, ಮೊದಲನೆಯವಳು ಮುಂದೆ. ಲೆಕ್ಕಕ್ಕುಳಿದ ಐದರಲ್ಲಿ ನಾಲ್ಕು ಓಟ ಗೆಳತಿಗಿಂತ ಚೆನ್ನಾಗಿ ಓಡಿದವಳಿಗೆ ಗೆಲುವು ಸಿಕ್ಕಿತು. ಆದರೆ ಕಳೆಯುವ ಓಟಗಳು ಹೆಚ್ಚಾದರೆ ದುಡುಕಿ ಜೂಜಾಡುವವರಿಗೆ ಲಾಭ. ಆರೇಳು ಓಟಕ್ಕೆ ಒಂದು ಸಾಕು.

ಬೇರೆ ಬೇರೆ ದೋಣಿಗಳು ಒಟ್ಟಿಗೆ ಓಡುವಾಗ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಲೆಕ್ಕವಿದೆ. ತೆಗೆದುಕೊಂಡ ಸಮಯವನ್ನು 1,000ದಿಂದ ಗುಣಿಸಿ ಆ ಬಗೆಯ ದೋಣಿಗೆ ಗೊತ್ತುಪಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಸಂಖ್ಯೆ 1,100 ಇರುವ ವೇಗದ ದೋಣಿಯ 22 ನಿಮಿಷ 20 ಆಗುತ್ತದೆ. 1,600 ಇರುವ ನಿಧಾನದ ದೋಣಿಯ 31 ನಿಮಿಷ ಸುಮಾರು 19.4. ಹಿಂದೆ ಬಂದ ದೋಣಿಯೇ ಗೆದ್ದಿತು.

ರೇಣುಕಾಸಾಗರದ ಸ್ವಂತ ವಿಧಿಗಳು

ಜಗತ್ತಿನ ನಿಯಮದ ಜತೆಗೆ ಪ್ರತಿ ನೀರಿಗೂ ಅದರದೇ ವಿಧಿ ಬೇಕು. ಇಲ್ಲಿ ಅಣೆಕಟ್ಟು ಜಲಾಶಯದ ಈಶಾನ್ಯ ತುದಿಯಲ್ಲಿದೆ; ಮುಂಗಾರಿನ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತದೆ. ಮಗುಚಿದ ದೋಣಿ ತೇಲಿ ಹೋಗುವುದು ಅಣೆಕಟ್ಟಿನ ದಿಕ್ಕಿಗೇ. ಹಾಗಾಗಿ ಓಟದ ಜಾಗ ಅಣೆಕಟ್ಟಿನಿಂದ ಬಹುದೂರ ಇರಬೇಕು, ರಕ್ಷಣಾ ದೋಣಿ ಗಾಳಿಯ ಕೆಳಗಡೆ, ಅಂದರೆ ಅಣೆಕಟ್ಟಿನ ಕಡೆಗೆ ಕಾಯಬೇಕು, ಗೇಟು ತೆರೆದ ದಿನ ಓಟ ಇರಬಾರದು. 2019ರ ಆಗಸ್ಟಿನಲ್ಲಿ ಹೊರಬಿಟ್ಟ ನೀರು ರಾಮದುರ್ಗವನ್ನು ಮುಳುಗಿಸಿದ್ದು ಯಾರೂ ಮರೆತಿಲ್ಲ.

ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣ. 10 ನಾಟ್ ಗಾಳಿ 20 ಆದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಹೊಸಬರಿಗೆ ಗಾಳಿಯ ಮೇಲುಮಿತಿಯನ್ನು ಬರೆದೇ ಇಡಬೇಕು. ಏಪ್ರಿಲ್–ಮೇ ತಿಂಗಳ ಅಡ್ಡಮಳೆಗೆ ಸಿಡಿಲೂ ಸೇರುತ್ತದೆ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ದೋಣಿಯ ಕಂಬವೇ. ಗುಡುಗು ಕೇಳಿದೊಡನೆ ದಡಕ್ಕೆ, ಕೊನೆಯ ಗುಡುಗಿನ ಬಳಿಕ ಅರ್ಧ ತಾಸು ಕಾಯುವುದು. ಬೇಸಿಗೆಯಲ್ಲಿ ನೀರು ಇಳಿದಂತೆ ಬಂಡೆ, ಮರದ ಬೊಡ್ಡೆ ಮೇಲೇಳುತ್ತವೆ. ಗುರುತುಗಳ ಜಾಗ ಆಯಾ ದಿನದ ನೀರಿನ ಮಟ್ಟಕ್ಕೆ ತಕ್ಕಂತೆ ಬದಲಾಗಬೇಕು. ತೇಲುಕವಚವಿಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ. ಹೊರಟ ತಲೆಗಳನ್ನೂ ಮರಳಿದ ತಲೆಗಳನ್ನೂ ಎಣಿಸಿ ಬರೆಯುವ ಪುಸ್ತಕ ದಡದಲ್ಲಿರಬೇಕು. ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು ಇಲ್ಲಿಂದ ಹೋಗುತ್ತದೆ. ಎಣ್ಣೆ ಸುಡದ ಹಾಯಿ ಈ ನೀರಿಗೆ ಒಪ್ಪುವ ಕ್ರೀಡೆ; ರಕ್ಷಣಾ ದೋಣಿಯ ಯಂತ್ರಕ್ಕೂ ಆ ಎಚ್ಚರ ಬೇಕು. ಕರ್ನಾಟಕ ನೀರಾವರಿ ನಿಗಮದ ಒಪ್ಪಿಗೆ ಎಲ್ಲಕ್ಕೂ ಮೊದಲು.

ದೋಣಿ ಕೊಳ್ಳುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಮುನವಳ್ಳಿ, ಸವದತ್ತಿ, ಬೈಲಹೊಂಗಲದ ಶಾಲೆಗಳ ಮಕ್ಕಳು ತಮ್ಮ ಅಂಗಳದಲ್ಲಿ ಒಂದು ಬಾವುಟ ನೆಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿಯ ದಿಕ್ಕನ್ನೂ ಜೋರನ್ನೂ ಒಂದು ವರ್ಷ ಬರೆದಿಡಲಿ. ಯಾವ ತಿಂಗಳ ಯಾವ ಹೊತ್ತಿಗೆ ಗಾಳಿ ಹದವಾಗಿರುತ್ತದೆ, ಎಷ್ಟು ತಿರುಗುತ್ತದೆ ಎಂಬುದು ಆ ನೋಟ್‌ಬುಕ್ಕಿನಿಂದ ತಿಳಿಯುತ್ತದೆ. ಆರಂಭದ ಗೆರೆ ಎಲ್ಲಿ, ಓಟ ಎಷ್ಟು ನಿಮಿಷ, ಸರಣಿ ಯಾವ ತಿಂಗಳು ಎಂಬ ವಿಧಿಗಳನ್ನು ಆ ಅಂಕಿಗಳ ಮೇಲೆ ಬರೆದರೆ, ಮಲಪ್ರಭೆಯ ಮಕ್ಕಳು ತಮ್ಮ ಕ್ರೀಡೆಯ ನಿಯಮವನ್ನು ತಾವೇ ಅಳೆದು ರೂಪಿಸಿದಂತಾಗುತ್ತದೆ.