ಹತ್ತು ದಿನಗಳ ಉತ್ತರ

ಕಳೆದ ಸುಗ್ಗಿಯ ಕಾಲದಲ್ಲಿ ಒಂದು ಸಾಯಂಕಾಲ ನಾನು ಸಾಣಾಪುರದ ಕೆರೆಯ ಕಡೆಗೆ ತಿರುಗಾಡಿ ಮನೆಗೆ ಬರುವಷ್ಟರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಕಟ್ಟೆಯ ಮೇಲೆ ಬಾಡಿದ ಮೋರೆಯಿಂದ ಕುಳಿತಿದ್ದನು. ಗಂಗಾವತಿಯ ಸಮೀಪದಲ್ಲಿ ಅವನೂ ಅವನ ತಮ್ಮನೂ ಕೂಡಿ, ಕಂಪನಿಯೆಂದು ನೋಂದಿಸಿದ ಅಕ್ಕಿಯ ಗಿರಣಿಯೊಂದನ್ನು ನಡೆಸುತ್ತಿರುವರು. “ಗುರುಗಳ, ಇದನ್ನಷ್ಟು ಓದಿ ಹೇಳ್ರಿ” ಎಂದು ಒಂದು ಲಕೋಟೆಯನ್ನು ನನ್ನ ಕೈಗಿತ್ತನು.

ಅದು ದಿವಾಳಿ ಸಂಹಿತೆಯ 8ನೆಯ ಕಲಮಿನ ಮೇರೆಗೆ ಬಂದ ತಗಾದೆಯ ನೋಟೀಸು. ಭತ್ತ ಒಣಗಿಸುವ ಯಂತ್ರವನ್ನು ಮಾರಿದ ವ್ಯಾಪಾರಿಯು, ಒಂದು ಕೋಟಿಗೆ ಮೇಲ್ಪಟ್ಟ ಬಾಕಿಯನ್ನು ಹತ್ತು ದಿನಗಳೊಳಗೆ ಸಲ್ಲಿಸದಿದ್ದರೆ ಕಂಪನಿಯನ್ನು ನ್ಯಾಯಮಂಡಳಿಯ ಮುಂದೆ ಎಳೆಯುವೆನೆಂದು ಬರೆದಿದ್ದನು. ಕಂಪನಿಯ ನೋಂದಿತ ಕಚೇರಿಯೆಂದರೆ ಇವರ ಮನೆಯೇ. ಮುದುಕಿಯಾದ ತಾಯಿಯು ಸಹಿಮಾಡಿ ಲಕೋಟೆಯನ್ನು ಪಡೆದು, ಸರಕಾರದ ಕಾಗದವೇನೋ ಎಂದು ಭಯಭಕ್ತಿಯಿಂದ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಭತ್ತದ ಗಡಿಬಿಡಿಯಲ್ಲಿ ಆರು ದಿನಗಳು ಕಳೆದುಹೋಗಿದ್ದವು!

ಇದು ದೊಡ್ಡ ವ್ಯಾಪಾರಸ್ಥರ ಮಾತು, ಗೃಹಸ್ಥರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ನಮ್ಮ ಕಡೆಯ ಎಷ್ಟೋ ಗಿರಣಿಗಳಲ್ಲಿ ಅಣ್ಣತಮ್ಮಂದಿರೂ ಅತ್ತಿಗೆಯೂ ನಿರ್ದೇಶಕರು. ಅಲ್ಲಿ ಕಂಪನಿ ಬೇರೆ, ಮನೆ ಬೇರೆ ಎಂಬ ಭೇದವು ಕಾಗದದ ಮೇಲೆ ಮಾತ್ರ ಇರುವದು. ನ್ಯಾಯಮಂಡಳಿಯು ಅರ್ಜಿಯನ್ನು ಅಂಗೀಕರಿಸಿದ ದಿನವೇ ನಿರ್ದೇಶಕರ ಅಧಿಕಾರವು ಅಮಾನತ್ತಾಗಿ, ಗಿರಣಿಯ ಆಡಳಿತವು ನ್ಯಾಯಮಂಡಳಿಯು ನೇಮಿಸಿದ ಪರಕೀಯನ ಕೈಗೆ ಹೋಗುವದು. ಅಲ್ಲಿಂದ ಮುಂದೆ ಪರಿಹಾರ ಕಾಣದಿದ್ದರೆ ಕಂಪನಿಯ ವಿಸರ್ಜನೆಯೇ ಗತಿ.

ಹಿಂದೆ 1956ರ ಕಂಪನಿ ಕಾಯಿದೆಯಲ್ಲಿ ಇಂಥ ನೋಟೀಸಿಗೆ ಮೂರು ವಾರಗಳ ಅವಧಿಯಿತ್ತು. 2016ರ ಸಂಹಿತೆಯು ಅದನ್ನು ಹತ್ತು ದಿನಗಳಿಗೆ ಇಳಿಸಿತು. ಮೊದಲು ಒಂದು ಲಕ್ಷ ರೂಪಾಯಿಯ ಬಾಕಿಗೂ ಈ ದಾರಿ ತೆರೆದಿತ್ತು. 2020ರ ಮಾರ್ಚಿ 24ರಂದು ಆ ಮೇರೆಯನ್ನು ಒಂದು ಕೋಟಿಗೆ ಏರಿಸಿದರು.

ನಾನು ವಕೀಲನಲ್ಲ, ಸಂಸ್ಕೃತ ಕಲಿಸಿ ಮುಪ್ಪಾದವನು. ಆದರೆ ಆ ನೋಟೀಸನ್ನು ಓದುತ್ತಿರುವಾಗ ನನಗೆ ನಮ್ಮ ಕಲ್ಯಾಣದ ವಿಜ್ಞಾನೇಶ್ವರನ ನೆನಪಾಯಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ, ಪ್ರತಿವಾದಿಯ ಉತ್ತರವು ನಾಲ್ಕು ಬಗೆಯೆಂದು ವಿವರಿಸಿರುವನು. ಕೊಡಬೇಕಾದುದು ನಿಜವೆಂದು ಒಪ್ಪುವದು ಸಂಪ್ರತಿಪತ್ತಿ. ಸುಳ್ಳೆಂದು ಅಲ್ಲಗಳೆಯುವದು ಮಿಥ್ಯೋತ್ತರ. ಸಾಲವಿತ್ತು, ಆದರೆ ತೀರಿಸಿರುವೆನೆಂದು ಕಾರಣ ಹೇಳುವದು ಪ್ರತ್ಯವಸ್ಕಂದನ. ಇದು ಹಿಂದೆಯೇ ನ್ಯಾಯಸ್ಥಾನದಲ್ಲಿ ತೀರ್ಮಾನವಾಗಿದೆ ಎನ್ನುವದು ಪ್ರಾಙ್ನ್ಯಾಯ. ಈಗಿನ ಸಂಹಿತೆಯು ಅಧಮರ್ಣನಿಗೆ ಕೊಟ್ಟಿರುವ ಉತ್ತರಗಳೂ ಇವುಗಳಿಗೆ ದೂರವಲ್ಲ. ಹಣ ಸಂದಿದ್ದರೆ ಬ್ಯಾಂಕಿನ ದಾಖಲೆಯನ್ನು ಕಳಿಸಬೇಕು. ವಿವಾದವಿದ್ದರೆ, ಇಲ್ಲವೆ ದಾವೆಯೋ ಪಂಚಾಯಿತಿಯೋ ಮೊದಲೇ ಹೂಡಲ್ಪಟ್ಟಿದ್ದರೆ ಅದನ್ನು ತಿಳಿಸಬೇಕು. ಆದರೆ ಆ ವಿವಾದವು ನೋಟೀಸು ಕೈಸೇರುವದಕ್ಕಿಂತ ಮುಂಚೆಯೇ ಹುಟ್ಟಿರಬೇಕು. ಎಲ್ಲವೂ ನಿಂತಿರುವದು ಈ ಒಂದು ಮಾತಿನ ಮೇಲೆ.

ಇದರ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು 2017ರ ಸೆಪ್ಟೆಂಬರ 21ರಂದು ಮೊಬಿಲಾಕ್ಸ್ ಮತ್ತು ಕಿರುಸಾ ಎಂಬ ಎರಡು ಕಂಪನಿಗಳ ವ್ಯಾಜ್ಯದಲ್ಲಿ ಬಿಡಿಸಿ ಹೇಳಿತು. ದೂರದರ್ಶನದ ನೃತ್ಯಸ್ಪರ್ಧೆಯೊಂದಕ್ಕೆ ಪ್ರೇಕ್ಷಕರ ಮತ ಎಣಿಸುವ ಕೆಲಸದ ಬಾಕಿ ಅದು. ಗುಟ್ಟು ಬಿಟ್ಟುಕೊಟ್ಟಿರಿ, ಆದುದರಿಂದ ಹಣ ತಡೆದಿರುವೆವು ಎಂದು ಮೊಬಿಲಾಕ್ಸಿನವರು 2015ರ ಜನವರಿಯಲ್ಲಿಯೇ ಬರೆದಿದ್ದರು. ತಗಾದೆ ಬಂದುದು 2016ರ ಡಿಸೆಂಬರಿನಲ್ಲಿ. ಆ ಹಳೆಯ ಪತ್ರವೇ ಅವರನ್ನು ಕಾಯಿತು. ವಿವಾದದಲ್ಲಿ ಕೊನೆಗೆ ಗೆಲ್ಲುವರೋ ಸೋಲುವರೋ ಎಂಬುದನ್ನು ಈ ಹಂತದಲ್ಲಿ ನೋಡಬೇಕಾಗಿಲ್ಲ. ಕಾಳು ಯಾವುದು ಹೊಟ್ಟು ಯಾವುದು ಎಂದು ತೂರಿ ನೋಡಿ, ವಿವಾದವು ನಿಜವಾಗಿ ಇದ್ದರೆ ಅರ್ಜಿಯನ್ನು ತಿರಸ್ಕರಿಸಬೇಕು ಎಂಬುದು ತೀರ್ಪಿನ ತಾತ್ಪರ್ಯ. ಭತ್ತದ ಸೀಮೆಯವರಾದ ನಮಗೆ ಈ ದೃಷ್ಟಾಂತಕ್ಕೆ ಭಾಷ್ಯ ಬೇಡ.

ಇದಕ್ಕೆ ವಿರುದ್ಧವಾದ ಉದಾಹರಣೆಯು ನಮ್ಮ ಬೆಂಗಳೂರಿನದು. ಬೈಜೂಸ್ ಎಂದು ಹೆಸರಾದ ವಿದ್ಯಾಸಂಸ್ಥೆಯ ಕಂಪನಿಯಿಂದ ಕ್ರಿಕೆಟ್ ಮಂಡಳಿಗೆ ಆಟಗಾರರ ಅಂಗಿಯ ಪ್ರಾಯೋಜನೆಯ ಸಂಬಂಧ 158 ಕೋಟಿಗೆ ಮೇಲ್ಪಟ್ಟ ಹಣ ಬರಬೇಕಾಗಿತ್ತು. ಬೆಂಗಳೂರಿನ ನ್ಯಾಯಮಂಡಳಿಯು 2024ರ ಜುಲೈ 16ರಂದು ಅರ್ಜಿಯನ್ನು ಅಂಗೀಕರಿಸಿತು. ಆಮೇಲೆ ಹಣ ಕೊಟ್ಟು ರಾಜಿಯಾಗಲು ಹೊರಟರು. ಮೇಲ್ಮನವಿಯ ಮಂಡಳಿಯು ಒಪ್ಪಿದರೂ, ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಅಕ್ಟೋಬರ 23ರಂದು ಆ ಒಪ್ಪಿಗೆಯನ್ನು ರದ್ದುಪಡಿಸಿತು. ಅಂಗೀಕಾರವಾದ ಮೇಲೆ ಅದು ಇಬ್ಬರ ವ್ಯವಹಾರವಾಗಿ ಉಳಿಯುವದಿಲ್ಲ, ಉಳಿದ ಉತ್ತಮರ್ಣರೂ ಅಲ್ಲಿ ಹಕ್ಕುಳ್ಳವರಾಗುವರು.

ಇನ್ನು ನನ್ನ ಶಿಷ್ಯನ ಕಥೆ. “ಯಂತ್ರ ಬಂದ ದಿನದಿಂದಲೂ ಅಕ್ಕಿ ನುಚ್ಚಾಗ್ತದ್ರಿ, ಹತ್ತು ಸಲ ಹೇಳೀನ್ರಿ” ಎಂದನು. ಹೇಗೆ ಹೇಳಿದೆ ಎಂದು ಕೇಳಿದರೆ, “ಫೋನಿನಾಗ್ರಿ.” ನನಗೆ ಎದೆ ಧಸಕ್ಕೆಂದಿತು. ಶಾಲೆಯಲ್ಲಿಯೂ ಇವನು ಲೆಕ್ಕವನ್ನು ಬಾಯಲ್ಲಿ ಮಾಡಿ, ಪಾಟಿಯ ಮೇಲೆ ಬರೆಯದೆ ಪೆಟ್ಟು ತಿಂದವನು! ದೈವವಶಾತ್ ತಮ್ಮನು ಜಾಣ. ಅವನ ಮೊಬೈಲಿನಲ್ಲಿ ಮೂರು ಪತ್ರಗಳು ಸಿಕ್ಕವು. ಮೊದಲನೆಯದು ನೋಟೀಸಿಗೆ ಎಂಟು ತಿಂಗಳು ಹಿಂದಿನದು. ನುಚ್ಚಿನ ಪ್ರಮಾಣವನ್ನೂ, ಯಂತ್ರವನ್ನು ಸರಿಪಡಿಸುವವರೆಗೆ ಬಾಕಿಯನ್ನು ತಡೆಹಿಡಿದಿರುವದನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದನು.

ಮರುದಿನವೇ ಗಂಗಾವತಿಯ ವಕೀಲರಲ್ಲಿಗೆ ಹೋದೆವು. ಅವಧಿ ಮೀರಿದವರಿಗೂ ಹಿಂದಿನ ವಿವಾದವನ್ನು ನ್ಯಾಯಮಂಡಳಿಯ ಮುಂದೆ ತೋರಿಸಲು ಆಸ್ಪದ ಸಿಕ್ಕಿದ್ದುಂಟಂತೆ. ಆದರೆ ಅದನ್ನು ನೆಚ್ಚಿ ಕೂಡ್ರುವದು ಬೇಡವೆಂದು ಅವರು ಹೇಳಿದರು. ಬೈಗುಳದ ಒಂದಕ್ಷರವೂ ಇಲ್ಲದೆ ಎರಡು ಪುಟಗಳ ಉತ್ತರವನ್ನು ಬರೆದು, ಮೂರು ಪತ್ರಗಳ ಪ್ರತಿಗಳನ್ನು ಲಗತ್ತಿಸಿ, ಒಂಬತ್ತನೆಯ ದಿನ ರಿಜಿಸ್ಟರ್ಡ್ ಟಪ್ಪಾಲಿನಿಂದಲೂ ಮಿಂಚಂಚೆಯಿಂದಲೂ ಕಳಿಸಿದರು.

ಆ ವ್ಯಾಪಾರಿಯು ಈವರೆಗೆ ನ್ಯಾಯಮಂಡಳಿಗೆ ಹೋಗಿಲ್ಲ. ಹೋದ ತಿಂಗಳು ಅವನ ಕಡೆಯ ಮಿಸ್ತ್ರಿಯೊಬ್ಬನು ಬಂದು ಎರಡು ದಿನ ಯಂತ್ರವನ್ನು ಬಿಚ್ಚಿ ನೋಡಿಹೋದನು. ಮುದುಕಿಯು ಮಾತ್ರ ಈಗ ಅಂಚೆಯವನು ಯಾವ ಲಕೋಟೆ ತಂದರೂ ಜಗಲಿಯ ಮೇಲೆ ಇಡದೆ, ಮೊಮ್ಮಗನ ಕೈಯಲ್ಲಿ ಕೊಟ್ಟು ಗಿರಣಿಗೆ ಓಡಿಸುವಳು.