ಮಾಟಗಾರ: ಈ ಪದ ಹುಟ್ಟಿದ್ದೆಲ್ಲಿ?

ಮೂರು ದಾರಿ ಕೂಡುವ ಕಡೆ ಕುಂಕುಮ ಮೆತ್ತಿದ ನಿಂಬೆಹಣ್ಣು, ಒಡೆದ ಬೂದುಗುಂಬಳ. ಕಂಡವರು ದಾಟದೆ ಪಕ್ಕಕ್ಕೆ ಸರಿಯುತ್ತಾರೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ‘ಯಾರೋ ಮಾಡ್ಸವ್ರೆ’ ಎಂದರೆ ಸಾಕು; ಏನನ್ನು ಎಂದು ಯಾರೂ ಕೇಳುವುದಿಲ್ಲ.

ಆಡು–ಆಟ, ನೋಡು–ನೋಟ, ಹಾಗೆಯೇ ಮಾಡು–ಮಾಟ. ಹಳಗನ್ನಡದಲ್ಲಿ ಇದಕ್ಕೆ ಮಾಡುವ ಕೆಲಸ, ರೀತಿ, ಅಂದ ಎಂಬ ಅರ್ಥಗಳಿದ್ದವು. ‘ಮಾಟವಾದ ಮೂಗು’ ಎಂದು ಈಗಲೂ ಹೊಗಳುವುದುಂಟು. ಇಷ್ಟು ಚೆಂದದ ಪದಕ್ಕೆ ‘ಗಾರ’ ಸೇರಿತೋ, ಮೈ ನಡುಗುತ್ತದೆ. ಸಾಯಿಸಲೆಂದೇ ಮಾಡುವ ಮಾಟಕ್ಕೆ ತಂತ್ರಗ್ರಂಥಗಳು ಕೊಟ್ಟ ಹೆಸರು ‘ಮಾರಣ’. ಅವು ಹೇಳುವ ಆರು ಕ್ರಿಯೆಗಳಲ್ಲೇ (ಷಟ್ಕರ್ಮ) ಅತಿ ಕ್ರೂರವಾದದ್ದು. ಕಲಬುರಗಿ, ಬೀದರ್ ಕಡೆ ಜನ ಹೆದರುವುದು ‘ಬಾನಾಮತಿ’ ಎಂಬ ಮಾಟಕ್ಕೆ.

ಮಂತ್ರಕ್ಕೆ ಯಾರೂ ಸಾಯುವುದಿಲ್ಲ. ಅದನ್ನು ನಂಬಿದವರ ಕೈಗೆ ಸಿಕ್ಕ ಮಕ್ಕಳ ಗತಿ ಬೇರೆ. 2021ರ ಜೂನ್‌ನಲ್ಲಿ ನೆಲಮಂಗಲ ತಾಲ್ಲೂಕಿನಲ್ಲಿ 10 ವರ್ಷದ ಬಾಲಕಿಯನ್ನು ನಿಧಿಯಾಸೆಗೆ ಬಲಿ ಕೊಡಲು ಯತ್ನಿಸಿದ ಆರೋಪದ ಮೇಲೆ ಪೂಜಾರಿಯೂ ಸೇರಿ ಐವರನ್ನು ಪೊಲೀಸರು ಬಂಧಿಸಿದರು. ಬಾಲಕಿ ಬದುಕಿದಳು.

ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ರಾಜ್ಯದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಶಿಕ್ಷೆ 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಮಾಡಿದವರಷ್ಟೇ ಅಲ್ಲ, ಮಾಡಿಸಿದವರೂ ತಪ್ಪಿತಸ್ಥರು. ಇಂಥದ್ದು ಕಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.