ಅಂಗೈಯಲ್ಲಿನ ಚದುರಂಗ: ಹವ್ಯಾಸಿ ಆಟಗಾರನ ಬಲಾಬಲ

ಚದುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯಾ ಮತ್ತು ಅರಬ್ ನಾಡುಗಳ ಮೂಲಕ ಯುರೋಪನ್ನು ಸೇರಿ, ಅಲ್ಲಿ ಇಂದಿನ ರೂಪವನ್ನು ತಾಳಿದ ಆಟ. ಕನ್ನಡ ನಾಡಿಗೂ ಅದರ ನಂಟು ಹಳೆಯದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಮಣೆಯ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟುವಂತೆ ಕುದುರೆಯನ್ನು ನಡೆಸುವ ಸಮಸ್ಯೆಯಲ್ಲಿ ವಿಶೇಷ ಆಸಕ್ತಿ ತಳೆದಿದ್ದರು. ಹಿಂದೆ ಈ ಆಟಕ್ಕೆ ಒಂದು ಮಣೆ, 32 ಕಾಯಿಗಳು ಹಾಗೂ ಎದುರಿಗೆ ಕೂರಲು ಒಬ್ಬ ಜೊತೆಗಾರ ಬೇಕಾಗಿತ್ತು. ಸಣ್ಣ ಊರುಗಳಲ್ಲಿ ಕಷ್ಟವಾಗುತ್ತಿದ್ದುದು ಸಮಬಲದ ಜೊತೆಗಾರನನ್ನು ಹುಡುಕುವುದು. ಅಂತರಜಾಲವು ಆ ಕೊರತೆಯನ್ನು ನೀಗಿತು. 2007ರಲ್ಲಿ ಚೆಸ್ ಡಾಟ್ ಕಾಮ್, 2010ರಲ್ಲಿ ಫ್ರಾನ್ಸಿನ ಥಿಬೋ ಡುಪ್ಲೆಸಿ ಅವರು ಆರಂಭಿಸಿದ, ಜಾಹೀರಾತಿಲ್ಲದ ಉಚಿತ ತಾಣವಾದ ಲಿಚೆಸ್, ಇವು ಆಟವನ್ನು ಮನೆಮನೆಗೆ ತಂದವು. 2020ರಲ್ಲಿ ಕೋವಿಡ್‌ನಿಂದಾಗಿ ಜನರು ಮನೆಯಲ್ಲೇ ಉಳಿಯಬೇಕಾದಾಗ ಆಡುವವರ ಸಂಖ್ಯೆ ಬಹಳವಾಗಿ ಬೆಳೆಯಿತು. 2022ರ ಕೊನೆಗೆ ಚೆಸ್ ಡಾಟ್ ಕಾಮ್ ತಾಣವೊಂದರಲ್ಲೇ ಹತ್ತು ಕೋಟಿ ಸದಸ್ಯರಾಗಿದ್ದರು.

ಹಗಲೆಲ್ಲ ದುಡಿದು, ರಾತ್ರಿ ಊಟವಾದ ಮೇಲೆ ಫೋನು ಹಿಡಿದು ಕೂರುವ ಒಬ್ಬ ಗೃಹಸ್ಥನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ದಿನಕ್ಕೆ ಹತ್ತು ಆಟದಂತೆ ವರ್ಷಕ್ಕೆ 3,650 ಆಟಗಳಾಗುತ್ತವೆ. ಆದರೂ ವರ್ಷದ ಕೊನೆಗೆ ಆತನ ಆಟ ಮೊದಲಿದ್ದಲ್ಲಿಯೇ ನಿಂತಿರುವುದುಂಟು. ಹೀಗೇಕೆ? ಇಷ್ಟು ಅಭ್ಯಾಸದ ಫಲ ಎಲ್ಲಿಗೆ ಹೋಯಿತು? ಇದನ್ನು ವಿಚಾರಿಸಿ ನೋಡುವುದು ಆಡುವವರಿಗೂ ಅವರ ಮನೆಯವರಿಗೂ ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

ಅಂಕಿ ಹೇಳುವುದೇನು?

ಅಂತರಜಾಲದಲ್ಲಿ ಆಡುವವನ ಹೆಸರಿನ ಪಕ್ಕದಲ್ಲಿ ಸದಾ ಒಂದು ಅಂಕಿ ಇರುತ್ತದೆ. ಅದೇ ರೇಟಿಂಗ್. ಇದರ ಮೂಲ ಕಲ್ಪನೆಯನ್ನು ರೂಪಿಸಿದವರು ಹಂಗೇರಿ ಮೂಲದ, ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ. ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ 1970ರಲ್ಲಿ ಅವರ ಪದ್ಧತಿಯನ್ನು ಸ್ವೀಕರಿಸಿತು. ಈ ಲೆಕ್ಕದಂತೆ ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು ನೂರಕ್ಕೆ ಸುಮಾರು 76ರಷ್ಟು ಗಳಿಕೆಯನ್ನು ನಿರೀಕ್ಷಿಸಬಹುದು. 400 ಅಂಕಗಳ ಅಂತರವಿದ್ದರೆ 91ರಷ್ಟು. ತಾಣಗಳು ಇದೇ ತತ್ವದ ಮೇಲೆ ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಪದ್ಧತಿಗಳನ್ನು ಬಳಸುತ್ತವೆ. ಒಂದು ತಾಣದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸುವುದು ಸಲ್ಲದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ತಾಣವು ಪ್ರತಿಸಲವೂ ಸಮಬಲದವರನ್ನೇ ಎದುರಿಗೆ ಕೂರಿಸುತ್ತದೆ. ಆಟಗಾರ ಬೆಳೆದಂತೆ ಎದುರಾಳಿಯೂ ಬಲಿಷ್ಠನಾಗುತ್ತಾನೆ. ಹಾಗಾಗಿ ಸಾವಿರ ಅಂಕದವನೂ ಎರಡು ಸಾವಿರ ಅಂಕದವನೂ ತಮ್ಮ ಆಟಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಸೋಲುತ್ತಲೇ ಇರುತ್ತಾರೆ. ಸೋಲು ಈ ಆಟದಲ್ಲಿ ನಿತ್ಯದ ಸಂಗಾತಿ. ಅದನ್ನು ಹೇಗೆ ಬಳಸಿಕೊಳ್ಳುತ್ತಾನೆ ಎಂಬುದರ ಮೇಲೆಯೇ ಹವ್ಯಾಸಿಯ ಏಳಿಗೆ ನಿಂತಿದೆ.

ಹವ್ಯಾಸಿಯ ಬಲ

ಆನ್‌ಲೈನ್ ಹವ್ಯಾಸಿಯನ್ನು ಹಗುರವಾಗಿ ಕಾಣಲಾಗದು. ಸಾವಿರಾರು ಆಟಗಳಿಂದ ಆತನಿಗೆ ಮೊದಲು ದೊರೆಯುವುದು ನೋಟದ ಚುರುಕು. ಕುದುರೆಯೊಂದು ಏಕಕಾಲಕ್ಕೆ ರಾಜನ ಮೇಲೂ ರಾಣಿಯ ಮೇಲೂ ಎರಗುವ ಅವಕಾಶ ಕ್ಷಣದಲ್ಲಿ ಆತನ ಕಣ್ಣಿಗೆ ಬೀಳುತ್ತದೆ. ಇದರ ಗುಟ್ಟನ್ನು ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ, ಪ್ರವೀಣನಾದವನು ಕಾಯಿಗಳನ್ನು ಹೊಸಬನಿಗಿಂತ ಬಹಳ ಚೆನ್ನಾಗಿ ನೆನಪಿನಿಂದ ಜೋಡಿಸಿದನು. ಅದೇ ಕಾಯಿಗಳನ್ನು ಮಣೆಯ ಮೇಲೆ ಅರ್ಥವಿಲ್ಲದೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಉಳಿಯಲಿಲ್ಲ. ಬಲ್ಲವನು ಬಿಡಿ ಕಾಯಿಗಳನ್ನು ಕಾಣದೆ, ಪರಿಚಿತ ಜೋಡಣೆಗಳನ್ನು ಕಾಣುತ್ತಾನೆ. ಓದು ಬಲ್ಲವನು ಅಕ್ಷರಗಳನ್ನು ಕೂಡಿಸದೆ ಪದವನ್ನೇ ಓದುವಂತೆ ಇದು.

ಇದಲ್ಲದೆ ಆತನಿಗೆ ಆರಂಭದ ಹಲವು ನಡೆಗಳು ಬಾಯಿಪಾಠವಾಗಿರುತ್ತವೆ. ದೇಶವಿದೇಶಗಳ ಬಗೆಬಗೆಯ ಆಟಗಾರರನ್ನು ಎದುರಿಸಿದ ಧೈರ್ಯವಿರುತ್ತದೆ. ಗಡಿಯಾರದ ಒತ್ತಡದಲ್ಲಿಯೂ ಕೈ ನಡುಗದೆ ಆಡುವ ಅಭ್ಯಾಸವಿರುತ್ತದೆ. ಇವೆಲ್ಲವೂ ನಿಜವಾದ ಗಳಿಕೆಗಳೇ.

ದೌರ್ಬಲ್ಯದ ಬೇರು

ಆದರೆ ಈ ಗಳಿಕೆಗಳೇ ಒಂದು ಹಂತದಲ್ಲಿ ಕಾಲಿಗೆ ತೊಡರುತ್ತವೆ. ಬಿಳಿ ಕಾಯಿಯವನು ಒಂಟೆಯನ್ನೂ ರಾಣಿಯನ್ನೂ ಬೇಗನೆ ಹೊರತಂದು, ನಾಲ್ಕನೆಯ ನಡೆಯಲ್ಲೇ ಕರಿಯ ರಾಜನನ್ನು ಚೆಕ್‌ಮೇಟ್ ಮಾಡುವ ತಂತ್ರವನ್ನು ಬಹುತೇಕ ಎಲ್ಲ ಹೊಸಬರೂ ಕಲಿಯುತ್ತಾರೆ. ಅರಿಯದವರ ಮೇಲೆ ಅದು ಪದೇಪದೇ ಫಲಿಸುತ್ತದೆ, ಅಂಕಿಯೂ ಏರುತ್ತದೆ. ಮುಂದೆ ಅದನ್ನು ಬಲ್ಲವರು ಎದುರಾಗುತ್ತಾರೆ. ಆಗ ಅಕಾಲದಲ್ಲಿ ಹೊರಬಂದ ರಾಣಿಯನ್ನು ಎದುರಾಳಿಯ ಸಣ್ಣ ಕಾಯಿಗಳು ಅಟ್ಟಿಸಿಕೊಂಡು ಹೋಗುತ್ತವೆ, ಉಳಿದ ಕಾಯಿಗಳು ಮನೆಯಲ್ಲೇ ಕುಳಿತಿರುತ್ತವೆ. ಎದುರಾಳಿಯ ತಪ್ಪನ್ನೇ ನಂಬಿದ ಆಟಕ್ಕೆ ತಪ್ಪು ಮಾಡದ ಎದುರಾಳಿಯ ಮುಂದೆ ದಾರಿ ಕಾಣದು.

ಎರಡನೆಯದು, ತನ್ನ ಹಂಚಿಕೆಯಲ್ಲಿಯೇ ಮುಳುಗಿ ಎದುರಾಳಿಯ ನಡೆಯ ಉದ್ದೇಶವನ್ನು ಕೇಳಿಕೊಳ್ಳದಿರುವುದು. ಹವ್ಯಾಸಿಗಳ ಸೋಲಿನಲ್ಲಿ ಬಹುಪಾಲು ಗಹನವಾದ ತಂತ್ರದಿಂದ ಬಂದದ್ದಲ್ಲ. ರಕ್ಷಣೆಯಿಲ್ಲದೆ ಬಿಟ್ಟ ಒಂದು ಕಾಯಿಯಿಂದ ಬಂದದ್ದು. ಒಂದರಿಂದ ಮೂರು ನಿಮಿಷಗಳ ಆಟಗಳನ್ನಷ್ಟೇ ಆಡುವವನಿಗೆ ಈ ಪ್ರಶ್ನೆ ಕೇಳಿಕೊಳ್ಳಲು ಸಮಯವೂ ಇರುವುದಿಲ್ಲ. ತೋಚಿದ ಮೊದಲ ನಡೆಯನ್ನು ಆಡುವುದೇ ಕೈಗೆ ರೂಢಿಯಾಗುತ್ತದೆ. ಬಿಡುವಾಗಿ ಆಡುವಾಗಲೂ ಆ ರೂಢಿ ಬಿಡದು.

ಮೂರನೆಯದು ಅಂತ್ಯದ ಆಟದ ಅಜ್ಞಾನ. ಕೆಲವೇ ಕಾಯಿಗಳು ಉಳಿದಾಗ ಒಂದು ನಡೆಯ ಬೆಲೆ ಎಷ್ಟೆಂಬುದನ್ನು ಜಗತ್ತು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಕಂಡಿತು. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟ. ಚೀನದ ಡಿಂಗ್ ಲಿರೆನ್ ಅವರಲ್ಲಿಯೂ ನಮ್ಮ ದೊಮ್ಮರಾಜು ಗುಕೇಶ್ ಅವರಲ್ಲಿಯೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು. ಗುಕೇಶರಲ್ಲಿ ಒಂದು ಕಾಲಾಳು ಹೆಚ್ಚಾಗಿತ್ತು. ಸರಿಯಾಗಿ ಆಡಿದರೆ ಆಟ ಸಮವಾಗಬಹುದಿತ್ತು. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಗುಕೇಶ್ ಆನೆಗಳನ್ನು ಬದಲಾಯಿಸಿ, ಒಂಟೆಗಳೂ ಬದಲಾಗಲೇಬೇಕಾದ ಸ್ಥಿತಿಯನ್ನು ತಂದರು. ಉಳಿದ ಕಾಲಾಳುಗಳ ಆಟದಲ್ಲಿ ಗೆಲುವು ಖಚಿತವಾಗಿತ್ತು. ಹದಿನೆಂಟರ ಹರೆಯದ ಗುಕೇಶ್ ವಿಶ್ವ ಚಾಂಪಿಯನ್ ಆದರು. ಇಂಥ ಹಿರಿಯ ಆಟಗಾರರೂ ಎಡವುವ ನೆಲದಲ್ಲಿ ಹವ್ಯಾಸಿ ಕಣ್ಣುಮುಚ್ಚಿ ನಡೆಯುವುದು ಸರಿಯೇ?

ಇವೆಲ್ಲಕ್ಕಿಂತ ದೊಡ್ಡ ದೌರ್ಬಲ್ಯ ಆಟ ಮುಗಿದ ಮೇಲೆ ಪ್ರಕಟವಾಗುತ್ತದೆ. ಸೋತ ಕೂಡಲೇ ಪರದೆಯ ಮೇಲೆ ಹೊಸ ಆಟಕ್ಕೆ ಕರೆ ಬರುತ್ತದೆ. ಕಳೆದ ಅಂಕಗಳನ್ನು ಈಗಲೇ ಹಿಂಪಡೆಯಬೇಕೆಂಬ ಹಟದಲ್ಲಿ ಬೆರಳು ಅದನ್ನು ಒತ್ತುತ್ತದೆ. ಕದಡಿದ ಮನಸ್ಸಿನಿಂದ ಆಡಿದ ಆ ಆಟವೂ ಸೋಲುತ್ತದೆ. ನಡುರಾತ್ರಿ ಫೋನು ಕೆಳಗಿಡುವಾಗ ನಿದ್ದೆ ಹೋಗಿರುತ್ತದೆ. ಮೊದಲ ಸೋಲಿನ ಕಾರಣ ಮಾತ್ರ ತಿಳಿದಿರುವುದಿಲ್ಲ. ಮರುದಿನ ಅದೇ ತಪ್ಪು ಮತ್ತೆ ಆಗುತ್ತದೆ.

ಏಳಿಗೆಯ ದಾರಿ

ಪರದೆಯ ಆಟಕ್ಕೆ ಒಂದು ದೊಡ್ಡ ಗುಣವಿದೆ: ಅದು ಆಡಿದ ಪ್ರತಿ ನಡೆಯನ್ನೂ ದಾಖಲಿಸಿ ಇಡುತ್ತದೆ. ಜಗುಲಿಯ ಮೇಲಿನ ಆಟ ಕಾಯಿಗಳನ್ನು ಡಬ್ಬಿಗೆ ಹಾಕಿದೊಡನೆ ಮರೆಯಾಗುತ್ತಿತ್ತು. ಇಂದಿನ ಹವ್ಯಾಸಿಗೆ ತನ್ನ ಎಲ್ಲ ಸೋಲುಗಳೂ ಕೈಗೆಟಕುವಂತಿವೆ. ಅದನ್ನು ಬಳಸುವ ಕ್ರಮವನ್ನು ನಾವು ಹೀಗೆ ಸೂಚಿಸುತ್ತೇವೆ.

ದಿನಕ್ಕೆ ಹತ್ತು ಅವಸರದ ಆಟಗಳ ಬದಲು ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕಾಲವಿರುವ ಒಂದೇ ಆಟವನ್ನು ಆಡಬೇಕು. ಸೋತರೆ, ಅದನ್ನು ಮೊದಲಿನಿಂದ ನಿಧಾನವಾಗಿ ತಿರುವಿ ನೋಡಬೇಕು. ಆಟ ಎಲ್ಲಿ ಕೈತಪ್ಪಿತು, ಆಗ ತಾನು ಏನನ್ನು ಯೋಚಿಸುತ್ತಿದ್ದೆ, ಎದುರಾಳಿಯ ಯಾವ ನಡೆಯನ್ನು ಗಮನಿಸಲಿಲ್ಲ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ತನ್ನದೇ ಮಾತಿನಲ್ಲಿ ಬರೆಯಬೇಕು. ಅನಂತರವೇ ಸ್ಟಾಕ್‌ಫಿಶ್‌ನಂತಹ ಗಣಕ ಎಂಜಿನ್ನಿನ ಅಭಿಪ್ರಾಯ ಕೇಳಬೇಕು. ಎಂಜಿನ್ ಸರಿಯಾದ ನಡೆಯನ್ನು ತಕ್ಷಣ ತೋರಿಸಬಲ್ಲದು. ಆದರೆ ಆ ನಡೆ ನಮಗೇಕೆ ಹೊಳೆಯಲಿಲ್ಲವೆಂಬುದನ್ನು ಹೇಳಲಾರದು. ಆ ಉತ್ತರ ನಮ್ಮಲ್ಲೇ ಇದೆ. ಇಂಥ ಇಪ್ಪತ್ತು ಟಿಪ್ಪಣಿಗಳಾದಾಗ ಮತ್ತೆಮತ್ತೆ ಬರುವ ಎರಡು ಮೂರು ದೋಷಗಳು ತಾವಾಗಿಯೇ ಎದ್ದು ಕಾಣುತ್ತವೆ.

ಇದರೊಡನೆ ದಿನವೂ ಹದಿನೈದು ನಿಮಿಷ ಸಮಸ್ಯೆಗಳನ್ನು ಬಿಡಿಸುವುದೂ, ವಾರಕ್ಕೊಂದು ಅಂತ್ಯದ ಸ್ಥಿತಿಯನ್ನು ಕಲಿಯುವುದೂ ಇರಲಿ. ಉದಾಹರಣೆಗೆ, ರಾಜ ಮತ್ತು ಒಂದೇ ಕಾಲಾಳು ಉಳಿದಿರುವವನು ಎದುರಾಳಿಯ ಒಂಟಿ ರಾಜನ ವಿರುದ್ಧ ಆಡುವಾಗ, ತನ್ನ ರಾಜನನ್ನು ಕಾಲಾಳಿನ ನೇರ ಮುಂದೆ ಆರನೆಯ ಸಾಲಿಗೆ ಒಯ್ದರೆ, ನಡೆ ಯಾರದೇ ಇರಲಿ ಗೆಲುವು ತನ್ನದು. ಅಂಚಿನ ಕಾಲಾಳಿಗೆ ಮಾತ್ರ ಈ ನಿಯಮ ಸಲ್ಲದು. ಇಷ್ಟನ್ನು ಅರಿತರೆ, ಸಮವಾಗಿ ಮುಗಿಯುತ್ತಿದ್ದ ಎಷ್ಟೋ ಆಟಗಳು ಗೆಲುವಿನ ಕಡೆಗೆ ತಿರುಗುತ್ತವೆ.

ಈ ಕ್ರಮಕ್ಕೆ ಸಂಶೋಧನೆಯ ಬೆಂಬಲವೂ ಇದೆ. ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಗಾರನ ಮಟ್ಟದೊಡನೆ ಅತಿ ಹೆಚ್ಚು ಸಂಬಂಧ ತೋರಿದ್ದು ಪಂದ್ಯಗಳ ಆಟಕ್ಕಿಂತ ಏಕಾಂತದ ಗಂಭೀರ ಅಭ್ಯಾಸ. ವಯಸ್ಸಾಯಿತೆಂದು ಕೈಚೆಲ್ಲುವವರು ಮೈಸೂರಿನ ಎಂ. ಎಸ್. ತೇಜಕುಮಾರ್ ಅವರನ್ನು ನೆನೆಯಬಹುದು. 2017ರಲ್ಲಿ ಕರ್ನಾಟಕದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರು ಮೂವತ್ತರ ಪ್ರಾಯವನ್ನು ದಾಟಿದ್ದರು.

ಮನೆಯವರಿಗೆ ಒಂದು ಮಾತು

ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ತಂದೆತಾಯಿಗಳು ರೇಟಿಂಗ್ ಎಷ್ಟಾಯಿತೆಂದು ಕೇಳುವುದನ್ನು ಬಿಟ್ಟು, ಇಂದಿನ ಆಟದಲ್ಲಿ ಏನು ಕಂಡೆ ಎಂದು ಕೇಳುವುದು ಲೇಸು. ಅಂಕಿಯನ್ನೇ ಹೊಗಳುತ್ತ ಹೋದರೆ, ಅದು ಇಳಿದ ದಿನ ಮಗು ತಾನೇ ಇಳಿದಂತೆ ಕುಗ್ಗುತ್ತದೆ. ಅದನ್ನು ಏರಿಸಲು ಆಟದ ನಡುವೆ ಕದ್ದು ಎಂಜಿನ್ನಿನ ನೆರವು ಪಡೆಯುವ ದುರಾಸೆಯೂ ಹುಟ್ಟಬಹುದು. ತಾಣಗಳು ಇದನ್ನು ಪತ್ತೆಹಚ್ಚಿ ಖಾತೆಯನ್ನು ಮುಚ್ಚುತ್ತವೆ. ಅದಕ್ಕೂ ಮಿಗಿಲಾದ ನಷ್ಟವೆಂದರೆ, ತನ್ನದಲ್ಲದ ಗೆಲುವನ್ನು ತನ್ನದೆನ್ನುವ ಅಭ್ಯಾಸ ಎಳೆಯ ಮನಸ್ಸಿಗೆ ಅಂಟುವುದು.

ಹಿರಿಯರು ತಾವೂ ಒಂದು ಕಟ್ಟಳೆ ಹಾಕಿಕೊಳ್ಳಲಿ: ಎರಡು ಆಟ ಸೋತ ಮೇಲೆ ಆ ದಿನ ಮೂರನೆಯದು ಬೇಡ. ಉಳಿದ ಸಮಯದಲ್ಲಿ ಆ ಎರಡು ಆಟಗಳನ್ನು ಮನೆಯ ಮರದ ಮಣೆಯ ಮೇಲೆ ಜೋಡಿಸಿ, ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಲಿ. ತನ್ನ ತಪ್ಪನ್ನು ಬೇಸರವಿಲ್ಲದೆ ಹುಡುಕುವ ದೊಡ್ಡವರನ್ನು ಕಂಡ ಮಗು, ಚದುರಂಗಕ್ಕಿಂತ ಹೆಚ್ಚಿನದೊಂದನ್ನು ಅಲ್ಲಿ ಕಲಿಯುತ್ತದೆ.